ಕಾರಿನಲ್ಲಿ ಜಾಗ

ಚಿದಂಬರ ಸೈಕಲ್ಲಿನ ಮುಂದಿನ ಚಕ್ರವನ್ನು ಬಿಚ್ಚಿ ಕೈಗೆತ್ತಿಕೊಂಡಿದ್ದೇ ತಡ, ಪಕ್ಕದ ಮನೆಯ ಪಾರ್ವತಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಕೇಳಿಯೇಬಿಟ್ಟರು. ಒಡಹುಟ್ಟಿದ ತಮ್ಮ ಮನೋಹರನ ಶಿವಗಣಾರಾಧನೆಯ ಶಾಮಿಯಾನ ಬಿಚ್ಚಿದ್ದು ನಿನ್ನೆ; ಹೋದವನ ಸಾಮಾನನ್ನು ಇವತ್ತೇ ಹೊರಗೆ ಸಾಗಿಸೋದೇ? ಸೂತಕವಾದರೂ ಕಳೆಯಬೇಡವೇ?

"ಲಿಂಗವಂತರಿಗೆ ಎಲ್ಲೀ ಸೂತಕ ಪಾರ್ವತಮ್ಮೋರೇ?" ಅಂದ ಚಿದಂಬರ, ಚಕ್ರದ ಒಣಮಣ್ಣು ಕೊಡವುತ್ತಾ. "ಹುಟ್ಟಿಗೂ ಇಲ್ಲ, ಸಾವಿಗೂ ಇಲ್ಲ. ನಮ್ಮಪ್ಪ ಹೇಳ್ಕೊಟ್ಟಿರೋದೇ ಅದು."

ಹೊಸ್ತಿಲಲ್ಲಿ ನಿಂತಿದ್ದ ಶಿವಕುಮಾರಿಗೆ ಆ ಮಾತು ಹೊಸದಲ್ಲ. ಚಾಮರಾಜಪೇಟೆಯ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಕೇಳಿದ್ದಳು, ನಾಲ್ಕು ಜನರ ಮುಂದೆ ತಾನೂ ಹೆಮ್ಮೆಯಿಂದ ಹೇಳಿದ್ದಳು. ಗಂಡನ ಸೈಕಲ್ಲನ್ನು ಭಾವ ಕೇಳಿದಾಗಲೂ ಅವಳು ಎರಡು ಮಾತಾಡಿರಲಿಲ್ಲ. ದಪ್ಪ ಟೈರಿನ, ಬೆಟ್ಟ ಹತ್ತುವ ಗೇರ್ ಸೈಕಲ್ಲು. ಭಾನುವಾರ ಬಂತೆಂದರೆ ಮನೋಹರ ಅದನ್ನೇರಿ ಕೆಂಗೇರಿಯಾಚೆ ಯಾವುದಾದರೂ ಗುಡ್ಡ ಹುಡುಕಿಕೊಂಡು ಹೋಗುವನು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದು, "ಕುಮಾರೀ, ಒಂದು ಬಕೆಟ್ ನೀರು" ಎಂದು ಗೇಟಿನಿಂದಲೇ ಕೂಗುವನು. ಇಲ್ಲಿ ಸುಮ್ಮನೆ ನಿಂತರೆ ತುಕ್ಕು ಹಿಡಿಯುತ್ತೆ, ತ್ಯಾಗರಾಜನಗರದಲ್ಲಿ ನನ್ನ ಮಗಳು ಮಾನ್ಯ ಓಡಿಸ್ತಾಳೆ ಅಂದಿದ್ದ ಚಿದಂಬರ. ಓಡಿಸಲಿ, ಕಣ್ಣೆದುರು ಇಲ್ಲದಿದ್ದರೆ ನನಗೂ ಒಳ್ಳೆಯದೇ ಅಂದುಕೊಂಡು ಅವಳೇ ಹಾಸಲು ಹಳೆಯ ಬೆಡ್‌ಶೀಟು ತಂದಿದ್ದಳು.

"ಇಷ್ಟುದ್ದದ್ದು ಹಿಡಿಯಲ್ಲ ಅಲ್ವಾ ಭಾವ? ಟೆಂಪೋಗೆ ಹೇಳೋಣ್ವಾ?"

"ಟೆಂಪೋ ಯಾಕಮ್ಮಾ, ಯೂಟ್ಯೂಬ್ ನೋಡ್ಕೊಂಡೇ ಬಂದಿದೀನಿ" ಎಂದು ಅವನು ಹೊಸ ಕಾರಿನ ಡಿಕ್ಕಿ ಎತ್ತಿ, ಒಳಗೆ ಕೈ ಹಾಕಿ ಏನನ್ನೋ ಎಳೆದ. ಟಪ್ ಎಂದು ಹಿಂದಿನ ಸೀಟು ಮುಂದಕ್ಕೆ ಬಿತ್ತು. ಡಿಕ್ಕಿಯಿಂದ ಡ್ರೈವರಿನ ಬೆನ್ನಿನವರೆಗೆ ಮಂಚದ ಹಾಗೆ ಸಪಾಟಾಯಿತು. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ, ಬಿಸಿಲಿಗೆ ಫಳಫಳ ಹೊಳೆಯಿತು. ಅದರ ಮೇಲೆ ಬೆಡ್‌ಶೀಟು ಹಾಸಿ, ಚೈನಿನ ಗ್ರೀಸು ತಾಗಬಾರದೆಂದು ಆ ಮಗ್ಗುಲು ಮೇಲೆ ಮಾಡಿ, ಸೈಕಲ್ಲನ್ನು ನಿದ್ದೆಹೋದ ಕೂಸನ್ನು ಮಲಗಿಸುವಂತೆ ಮಲಗಿಸಿದ.

"ಸೀಟು ಮಡಚತ್ತಾ ಭಾವ?" ಎಂದಳು ಶಿವಕುಮಾರಿ.

"ಮಡಚ್ದೇ ಏನು? ಆರಡಿ ಆಳು ಕಾಲು ಚಾಚ್ಕೊಂಡು ಮಲಗ್ಬೋದು. ಗಾಡಿ ಕೈಗೆ ಕೊಡೋವಾಗ್ಲೇ ಶೋರೂಮಿನೋರು ಮಲಗಿ ತೋರ್ಸಿದ್ರು..."

ಆ ಸಂಜೆಯೂ ಈ ಕಾರು ಇದೇ ಗೇಟಿನ ಮುಂದೆ ನಿಂತಿತ್ತು. ಅವ್ವನಿಗೆ ತೋರಿಸಬೇಕೆಂದು ಚಿದಂಬರ ಶೋರೂಮಿನಿಂದ ನೇರ ಇಲ್ಲಿಗೇ ತಂದಿದ್ದ. ಒಳಗೆ ನಡುಮನೆಯಲ್ಲಿ ಮನೋಹರ ಎದೆ ಹಿಡಿದುಕೊಂಡು ಕುಸಿದ. ಎತ್ತಿ ಕೂರಿಸಿದರೆ ವಾಲಿ ಬೀಳುತ್ತಿದ್ದ. ಶಿವಕುಮಾರಿ ಬರಿಗಾಲಲ್ಲಿ ಗೇಟಿಗೆ ಓಡಿ ಬಂದು ಭಾವನ ಕೈ ಹಿಡಿದುಕೊಂಡಿದ್ದಳು. "ಮಲಗಿಸ್ಕೊಂಡು ಹೋಗೋಕೆ ಇದ್ರಲ್ಲಿ ಜಾಗ ಇಲ್ಲಮ್ಮಾ, ಆಂಬುಲೆನ್ಸ್ ಬರ್ಲಿ" ಅಂದಿದ್ದ ಅವನು. ಆಂಬುಲೆನ್ಸು ಸಿರ್ಸಿ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಕೂಗು ಕಿವಿಗೆ ಬೀಳುತ್ತಿತ್ತು, ಗಾಡಿ ಬರುತ್ತಿರಲಿಲ್ಲ. ಬಂದಾಗ ಅವಳ ಮುಷ್ಟಿಯೊಳಗೆ ಗಂಡನ ಬೆರಳು ತಣ್ಣಗಾಗಿದ್ದವು. ಮಣ್ಣಿಗೆ ಬಂದ ತವರಿನ ಅಣ್ಣ, ಬಾಗಿಲಲ್ಲೇ ಕಾರಿತ್ತಂತಲ್ಲ ಎಂದು ಗೊಣಗಿದಾಗ ಅವಳೇ ಅವನ ಬಾಯಿ ಮುಚ್ಚಿಸಿದ್ದಳು. ಪಾಪ, ಭಾವ ಏನು ಮಾಡ್ತಾರೆ, ಕಾರಲ್ಲಿ ಜಾಗ ಇರಲಿಲ್ಲ ಅಂತ. ಬಂದವರಿಗೆಲ್ಲ ಅದನ್ನೇ ಹೇಳಿದ್ದಳು.

"ಗಾಬರೀಲಿ ಹೊಳೀಲಿಲ್ಲ ಕಣಮ್ಮಾ" ಎಂದ ಚಿದಂಬರ. ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಅವನು ಬೆಡ್‌ಶೀಟಿನ ಸುಕ್ಕು ಸರಿಮಾಡಿದ, ಸರಿಯಿದ್ದದ್ದನ್ನೇ ಮತ್ತೆ ಸರಿಮಾಡಿದ. "ಜೊತೆಗೆ... ಗಾಡಿಗೆ ಪೂಜೆನೂ ಆಗಿರ್ಲಿಲ್ಲ ನೋಡು. ಹೊಸಾದು. ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ..."

ಶಿವಕುಮಾರಿ ಕಾರನ್ನು ನೋಡಿದಳು. ಈಗ ಪೂಜೆ ಆಗಿತ್ತು. ಬಾನೆಟ್ಟಿನ ಮೇಲೆ ವಿಭೂತಿ, ಕುಂಕುಮ. ಬಂಪರಿನ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ ಇನ್ನೂ ಹಸಿರಾಗಿ ತೂಗುತ್ತಿದ್ದವು.

"ನಮಗಿಲ್ಲದ ಸೂತಕ ಕಾರಿಗೆ ಎಲ್ಲಿಂದ ಬಂತು ಭಾವ?"

ದನಿ ಏರಿರಲಿಲ್ಲ. ಆದರೂ ಕಾಂಪೌಂಡಿನ ಆಚೆ ಪಾರ್ವತಮ್ಮನ ತಲೆ ಮೆಲ್ಲಗೆ ಕೆಳಗಿಳಿಯಿತು. ಚಿದಂಬರ ಡಿಕ್ಕಿ ಮುಚ್ಚಿದ. ಬಿಚ್ಚಿದ ಚಕ್ರ ಕೈಯಲ್ಲೇ ಉಳಿದಿತ್ತು. ಅದನ್ನು ಮುಂದಿನ ಸೀಟಿನ ಮೇಲಿಟ್ಟು, ಬರ್ತೀನಿ ಅಂತಲೂ ಅನ್ನದೆ ಗಾಡಿ ಚಾಲೂ ಮಾಡಿದ.

ಕಾರು ಕೀಂಕೀಂ ಎಂದು ಕೂಗತೊಡಗಿತು. ಸೀಟಿನ ಮೇಲೆ ಭಾರ ಬಿದ್ದಿತ್ತಲ್ಲ, ಯಾರೋ ಬೆಲ್ಟು ಹಾಕದೆ ಕೂತಿದ್ದಾರೆಂದು ಅದರ ಲೆಕ್ಕ. ಎರಡು ಮಾರು ಹೋಗಿ ಅವನು ನಿಲ್ಲಿಸಿದ. ಕೂಗು ನಿಲ್ಲಲಿಲ್ಲ. ಹೊಸ್ತಿಲ ಕಡೆ ತಿರುಗದೆ ಪಕ್ಕಕ್ಕೆ ಬಾಗಿ, ಬೆಲ್ಟು ಎಳೆದು, ಚಕ್ರದ ಎದೆಯ ಮೇಲೆ ಹಾಯಿಸಿ ಬಿಗಿದ.

ಕೂತವರು ಕ್ಷೇಮವೆಂದು ಖಾತ್ರಿಯಾದ ಮೇಲೆ ಕಾರು ಸುಮ್ಮನಾಯಿತು.