ಟ್ಯಾಂಕಿಯ ಗಾಳಿತೂತು

ಧಣಿಗಳ ಹಾಯಿದೋಣಿಯ ಡೀಸೆಲ್ ಎಂಜಿನ್ ಮೂರನೇ ಸಲ ವೇಗ ಕಳೆದುಕೊಂಡು ನಿಂತಿತು. ಗಾಳಿ ಬಿದ್ದುಹೋಗಿ ಹಾಯಿ ಜೋತಿತ್ತು. ನೀರಿನ ಸೆಳೆತ ದೋಣಿಯನ್ನು ಬಂಡೆಗಳ ಕಡೆಗೆ ಒಯ್ಯುತ್ತಿತ್ತು. ದೋಣಿಯಲ್ಲಿದ್ದವರು ಇಬ್ಬರೇ: ಧಣಿ ಮತ್ತು ಆ ಬೆಳಿಗ್ಗೆ ಬಂದರಿನಿಂದ ಕರೆತಂದ ಮೆಕ್ಯಾನಿಕ್.

"ನೀನು ಫಿಲ್ಟರ್ ಬದಲಿಸಿದಿ, ಪೈಪ್ ಊದಿದಿ. ನಿನಗೆ ಕೆಲಸ ಬರ್ತದಾ ಇಲ್ವಾ ಮಾರಾಯ? ಬಂಡೆಗೆ ಬಡಿದ್ರೆ ಮುಗೀತು!"

"ನಿಮಗೆ ಈಜು ಬರೂದಿಲ್ವಾ ಧಣಿ?"

"ಬಾಯಿ ಮುಚ್ಚಿ ಕೆಲಸ ಮಾಡು."

"ಅರ್ಧ ಗಂಟೆ ಸರಿ ಓಡ್ತದೆ, ಮತ್ತೆ ಸೊರಗ್ತದೆ. ಎಂಜಿನ್‌ಗೆ ಎಂತದೂ ಆಗ್ಲಿಲ್ಲ."

ಮೆಕ್ಯಾನಿಕ್ ಡೀಸೆಲ್ ಟ್ಯಾಂಕಿಯ ಮುಚ್ಚಳ ತಿರುಗಿಸಿದ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಪಕ್ಕದ ಗಾಳಿತೂತಿಗೆ ಯಾರೋ ಮೇಣ ಮೆತ್ತಿದ್ದರು.

"ನಾನೇ ಮುಚ್ಚಿಸಿದ್ದು. ನೆಂಟರಿಗೆ ಡೀಸೆಲ್ ವಾಸನೆ ಆಗೂದಿಲ್ಲ."

"ಡೀಸೆಲ್ ಇಳಿದ ಜಾಗಕ್ಕೆ ಗಾಳಿ ಬರ್ಬೇಕಲ್ಲ ಧಣಿ. ಇಲ್ಲದಿದ್ರೆ ಪಂಪ್ ಎಷ್ಟು ಎಳೆದ್ರೂ ಎಂಜಿನ್‌ಗೆ ಡೀಸೆಲ್ ಸಿಗೂದಿಲ್ಲ."

ಮೇಣ ಕೆರೆದು ತೆಗೆದ. ಎಂಜಿನ್ ಹತ್ತಿತು, ಈ ಸಲ ನಿಲ್ಲಲಿಲ್ಲ. ಬಂಡೆಗಳು ಹಿಂದೆ ಉಳಿದವು. ಧಣಿಗೆ ಜೀವ ಬಂತು, ನಗುವೂ ಬಂತು.

"ಇಷ್ಟೇಯಾ! ಗಾಳಿ ಇಲ್ಲದೆ ಕಬ್ಬಿಣವೇ ನಿಲ್ತದೆ ಅಂದ್ರೆ ಮನುಷ್ಯನ ಪಾಡೆಂತ! ಸಣ್ಣ ಮಕ್ಕಳಿಗೂ ಗೊತ್ತಾಗುವ ವಿಷಯ."

"ಹಾಗಾದ್ರೆ ಸೋಮವಾರ ಕೋರ್ಟಿನಲ್ಲಿ ಇದನ್ನೇ ಹೇಳಿ ಧಣಿ. ನಿಮ್ಮ ಮೀನಿನ ಕಾರ್ಖಾನೆಯ ಗಲೀಜು ಟ್ಯಾಂಕಿಗೆ ಇಳಿದ ಜಗ್ಗು ಹೆಂಡ ಕುಡಿದು ಸತ್ತ ಅಂತ ಬರೆಸಿದ್ದೀರಲ್ಲ, ಅವ ನನ್ನ ತಮ್ಮ."