ಮೊಮ್ಮಗಳ ಉಪವಾಸ

ಮೇಧಾಳದು ಹಟವಲ್ಲ, ಊಟ ಕಂಡರೆ ಹೆದರುವ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ ಇಂದುಮತಿ ದಿನವೂ ಮಗಳ ತಟ್ಟೆಯೆದುರು ಕಾದು ಕೂರುತ್ತಿದ್ದಳು. ಅತ್ತೆ ಮೂಗು ಮುರಿಯುತ್ತಿದ್ದರು.

“ಅನ್ನಕ್ಕೆ ಹೆದರೋದಂತೆ! ಅದೇನು ಹುಲಿಯೇನೇ?”

“ಅತ್ತೆ, ದಯವಿಟ್ಟು ಸುಮ್ಮನಿರಿ.”

ಮೇಧಾ ತಟ್ಟೆ ತಳ್ಳಿದಳು. “ಇವತ್ತು ಏಕಾದಶಿ, ನಂಗೂ ಉಪವಾಸ. ಅಜ್ಜಿಯೂ ತಿನ್ನಲ್ವಲ್ಲ, ಅವರನ್ನ್ಯಾಕೆ ಯಾರೂ ಬೈಯಲ್ಲ?”

ಈ ವಾರದಲ್ಲೇ ಎರಡು ಸಲ ತಲೆ ಸುತ್ತಿ ಬಿದ್ದಿದ್ದ ಹುಡುಗಿ. ಇಂದುಮತಿ ತಟ್ಟೆಯನ್ನು ಮತ್ತೆ ಅವಳ ಮುಂದೆ ಸರಿಸಿದಳು.

“ಆಹಾ, ಏನು ಭಕ್ತಿ!” ಅಜ್ಜಿ ಮೊಮ್ಮಗಳ ಕಡ್ಡಿಯಂಥ ಮಣಿಕಟ್ಟನ್ನು ತಿರಸ್ಕಾರದಿಂದ ನೋಡಿದರು. “ದೇವರಿಗೇ ಟೋಪಿ ಹಾಕ್ತೀಯಲ್ಲೇ, ಕಳ್ಳಿ.”

ಐವತ್ತು ವರ್ಷಗಳಿಂದ ಏಕಾದಶಿಯಂದು ಒಂದಗುಳೂ ಮುಟ್ಟದಿದ್ದ ಆಕೆ ತಟ್ಟೆಯನ್ನು ಎಳೆದುಕೊಂಡು, ಸಾರನ್ನ ಕಲಸಿ, ಮೊದಲ ತುತ್ತನ್ನು ತಮ್ಮ ಬಾಯಿಗೇ ಹಾಕಿಕೊಂಡರು.