ಬಿದಿರ ರಾಶಿಯಲ್ಲಿಟ್ಟ ನೋಟುಬುಕ್ಕು

ಹಸಿ ಬಿದಿರಿನ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ದಾಂಡೇಲಿಯಲ್ಲಿ ನಾನೂ ಪಕ್ಕದ ಮನೆಯ ಶಾಂತಾಳೂ ಮ್ಯಾಟ್ರಿಕ್ ಓದುತ್ತಿದ್ದೆವು. ಮೊದಲ ದರ್ಜೆ ಬಂದರೆ ಮಾತ್ರ ಧಾರವಾಡದ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೀಟು. ಅವಳ ಅಂಕಗಳು ಪರೀಕ್ಷೆಯಿಂದ ಪರೀಕ್ಷೆಗೆ ಏರುತ್ತಿದ್ದವು. ನಾನು ಗಣಿತದಲ್ಲಿ ಸಿಕ್ಕಿಕೊಂಡಿದ್ದೆ.

“ಶಾಂತಾನ್ನ ಕಾಲೇಜಿನವ್ರು ಕೈಮಾಡಿ ಕರೀತಾರ. ನಿನ್ನ ಯಾರ ಕರೀತಾರವಾ?” ಎಂದಳು ಅವ್ವ, ರೊಟ್ಟಿ ಬಡಿಯುತ್ತ.

ಆ ಮಧ್ಯಾಹ್ನ ಶಾಂತಾಳ ಗಣಿತದ ನೋಟುಬುಕ್ಕನ್ನು ಕದ್ದು, ಶಾಲೆಯ ದಾರಿಯಲ್ಲಿ ಕಾಗದದ ಕಾರ್ಖಾನೆಗೆಂದು ಒಟ್ಟಿದ್ದ ಬಿದಿರ ರಾಶಿಯೊಳಗೆ ತುರುಕಿದೆ. ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಕಾಗದಗಳನ್ನು ಅವಳಪ್ಪ ಕೆಂಪು ದಾರದಿಂದ ಹೊಲಿದುಕೊಟ್ಟಿದ್ದ ನೋಟುಬುಕ್ಕು ಅದು. ದಾರದ ತುದಿ ಹೊರಗೆ ಇಣುಕಿದ್ದು ನನಗೆ ಕಾಣಲಿಲ್ಲ. ಸಂಜೆ ನನ್ನ ಜೊತೆ ಹುಡುಕುತ್ತ ಬಂದ ಅವಳಿಗೆ ಕಂಡಿತು.

“ಏ, ಅಲ್ಲೈತಿ ನೋಡ!” ಎಂದು ಹತ್ತಿ ಎಳೆದಳು. ರಾಶಿ ಗಡಗಡ ಉರುಳಿತು.

ಧೂಳು ಇಳಿದಾಗ ಶಾಂತಾ ಉರುಳಿದ ಬಿದಿರಿನಿಂದ ಒಂದು ಮೊಳ ಆಚೆ ಕೂತಿದ್ದಳು, ಮೊಣಕಾಲು ಸುಲಿದಿತ್ತು. “ಹಿಡಿಯವಾ, ಹರದೈತೇನ ನೋಡ,” ಎಂದು ನೋಟುಬುಕ್ಕು ಚಾಚಿದಳು.

ನಾನು ಅವಳ ಮೊಣಕಾಲು ನೋಡಲಿಲ್ಲ. ಪುಟ ತೆರೆದೆ. ವಾರದಿಂದ ನನ್ನ ಕೈಗೆ ಹತ್ತದ ಲೆಕ್ಕವನ್ನು ಅವಳು ಮೂರೇ ಸಾಲಿನಲ್ಲಿ ಬಿಡಿಸಿದ್ದಳು.